‘ರೋಗನಿರೋಧಕ’ ಅಂದರೆ ಯಾವ ರೋಗಕ್ಕೆ ಸ್ವಾಮಿ?

ಬೀಜದ ಪೊಟ್ಟಣದ ಮೇಲೆ ಅಚ್ಚಾಗುವ ಪದಗಳಲ್ಲಿ ನನಗೆ ತುಂಬಾ ಅನುಮಾನ ಹುಟ್ಟಿಸುವ ಪದ ‘ರೋಗನಿರೋಧಕ’. ಸುಳ್ಳು ಅಂತಲ್ಲ. ಅರ್ಧಕ್ಕೇ ನಿಂತ ಪದ ಅದು. ಯಾವ ರೋಗಕ್ಕೆ? ಆ ರೋಗ ತರುವ ಜೀವಿಯ ಯಾವ ಪಂಗಡಕ್ಕೆ? ಎಷ್ಟು ವರ್ಷ? ಈ ಮೂರು ಪ್ರಶ್ನೆಗೆ ಪೊಟ್ಟಣವೂ ಉತ್ತರ ಕೊಡಲ್ಲ, ಅಂಗಡಿಯವನೂ ಕೊಡಲ್ಲ. "ಹಾಕಿ ಸಾರ್, ರೋಗ ಬರಲ್ಲ" ಅಂತಾನೆ. ಮುಗಿಯಿತು.

ಕವಿತೆ, ಸಿನಿಮಾ, ಚಾರಣದ ಫೋಟೋ ನೋಡಲು ಬರುವವರಿಗೆ ಇವತ್ತು ಬೇರಿನ ಗಂಟಿನ ಕಥೆ. ಬೇಜಾರು ಮಾಡ್ಕೋಬೇಡಿ :) ಇದರಲ್ಲಿ ಕನ್ನಡ ಬರೆಯುವವರಿಗೂ ಒಂದು ಕೆಲಸ ಇದೆ, ಕೊನೆಯಲ್ಲಿ ಹೇಳುತ್ತೇನೆ.

ನಾನು ಹೇಳಹೊರಟಿರುವುದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯ ಮಾತು. ಕೆಂಪು ಮರಳು ಮಿಶ್ರಿತ ಹಗುರ ಮಣ್ಣು. ಸಿಗರೇಟಿಗೆ ಹೋಗುವ ವರ್ಜೀನಿಯಾ ಹೊಗೆಸೊಪ್ಪಿನ ವ್ಯಾಪಾರದಲ್ಲಿ ಈ ಸೀಮೆಗೆ ‘ಕರ್ನಾಟಕ ಲೈಟ್ ಸಾಯಿಲ್’ ಅಂತಲೇ ಹೆಸರು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಗಳ ಹೆಸರನ್ನು ಪೇಪರಿನಲ್ಲಿ ಓದಿರುತ್ತೀರಿ. ಒಳ್ಳೆ ಎಲೆ ಕೊಡುವ ಇದೇ ಮಣ್ಣು ಇನ್ನೊಬ್ಬರಿಗೂ ಬಹಳ ಇಷ್ಟ. ಅದೇ ಬೇರುಗಂಟು ಜಂತುಹುಳು.

ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಅದು. ಮೆಲಾಯ್ಡೋಗೈನೆ ಅಂತ ಅದರ ಕುಲನಾಮ. ಮರಿ ಬೇರಿನೊಳಗೆ ತೂರಿ ಒಂದು ಕಡೆ ಕೂತರೆ, ಅಲ್ಲಿನ ಕೆಲವು ಕೋಶಗಳು ಊದಿಕೊಂಡು ಅದಕ್ಕೆ ಊಟದ ಮನೆಯಾಗುತ್ತವೆ. ಸುತ್ತ ಗಂಟು ಬೆಳೆಯುತ್ತದೆ. ಹೆಣ್ಣು ಅಲ್ಲೇ ದಪ್ಪಗಾಗಿ ನಾಲ್ಕೈದು ನೂರು ಮೊಟ್ಟೆಗಳನ್ನು ಒಂದು ಅಂಟಿನ ಮುದ್ದೆಯಲ್ಲಿ ಇಡುತ್ತದೆ. ಬೆಚ್ಚನೆ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು. ಮೇಲೆ ಗಿಡ ಕುಳ್ಳಗಾಗಿ, ಮಧ್ಯಾಹ್ನದ ಹೊತ್ತು ಬಾಡಿ, ಎಲೆ ಹಳದಿಯಾದಾಗ ರೈತ ಗೊಬ್ಬರ ಸಾಲದು ಅಂದುಕೊಂಡು ಇನ್ನೊಂದು ಚೀಲ ತರುತ್ತಾನೆ. ಕಿತ್ತು ನೋಡಿದರೆ ಬೇರಿನ ತುಂಬ ಮಣಿ ಪೋಣಿಸಿದ ಹಾಗೆ ಗಂಟು.

ಇಲ್ಲಿಂದಲೇ ಪದದ ಗೊಂದಲ ಶುರು. ಕೋಸು, ಹೂಕೋಸು, ಸಾಸಿವೆ, ಮೂಲಂಗಿ ಜಾತಿಯ ಬೆಳೆಗಳಿಗೆ ಬರುವ ‘ಕ್ಲಬ್‌ರೂಟ್’ ಅಂತ ಇನ್ನೊಂದು ರೋಗ ಇದೆ. ಅದನ್ನೂ ಕನ್ನಡದಲ್ಲಿ ಬೇರುಗಂಟು ಅಂತಲೇ ಬರೆದುಬಿಡುತ್ತಾರೆ. ಎರಡೂ ಬೇರೆ ಬೇರೆ. ಕ್ಲಬ್‌ರೂಟ್ ತರುವುದು ಹುಳುವಲ್ಲ, ಶಿಲೀಂಧ್ರವೂ ಅಲ್ಲ. ಪ್ಲಾಸ್ಮೋಡಿಯೋಫೋರಾ ಬ್ರಾಸಿಕೆ ಎಂಬ ಏಕಕೋಶ ಜೀವಿ. 1870ರ ದಶಕದಲ್ಲಿ ರಷ್ಯಾದ ವೊರೊನಿನ್ ಎಂಬ ವಿಜ್ಞಾನಿ ಸೇಂಟ್ ಪೀಟರ್ಸ್‌ಬರ್ಗ್ ಸುತ್ತಲಿನ ಕೋಸಿನ ಹೊಲಗಳಲ್ಲಿ ಇದನ್ನು ಹಿಡಿದು ಹೆಸರಿಟ್ಟ. ಇದರಲ್ಲಿ ಬೇರಿಗೆ ಬೇರೇ ಉಬ್ಬಿ ಗದೆಯ ಹಾಗೆ, ಗೆಣಸಿನ ಹಾಗೆ ಆಗುತ್ತದೆ. ಜಂತುವಿನ ಗಂಟು ಬಿಡಿಬಿಡಿ, ಮಣಿಮಣಿ. ಇನ್ನು ಅವರೆ, ಅಲಸಂದೆಯ (ನಮ್ಮ ಕಡೆಯ ತಡಗಣಿ) ಬೇರಿನಲ್ಲಿ ಕಾಣುವ ಸಣ್ಣ ಗಂಟು ಸಾರಜನಕ ಹಿಡಿಯುವ ಒಳ್ಳೆಯ ಗಂಟು, ಬೆರಳಲ್ಲಿ ಉಜ್ಜಿದರೆ ಕಳಚಿಕೊಳ್ಳುತ್ತದೆ. ಜಂತುವಿನ ಗಂಟು ಕಳಚುವುದಿಲ್ಲ, ಅದು ಬೇರೇ ಊದಿರುವುದು. ಮೂರು ಗಂಟು, ಮೂರು ಕಥೆ. ನಮ್ಮಲ್ಲಿ ಇರುವುದು ಒಂದೇ ಪದ.

ಕ್ಲಬ್‌ರೂಟಿಗೆ ತಂಪು ಹವೆ, ಒದ್ದೆ ಮಣ್ಣು, ಹುಳಿ ಮಣ್ಣು ಬೇಕು. ನಮ್ಮ ದೇಶದಲ್ಲಿ ಡಾರ್ಜಿಲಿಂಗ್ ಬೆಟ್ಟಗಳಲ್ಲಿ, ಇತ್ತ ನೀಲಗಿರಿಯ ಕೋಸಿನಲ್ಲಿ ಅದು ವರದಿಯಾಗಿದೆ. ಹುಣಸೂರಿನ ಬಯಲಿನ ತಲೆನೋವು ಜಂತುಹುಳು. ಹಾಗಿದ್ದೂ ಎರಡನ್ನೂ ಒಟ್ಟಿಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಮಣ್ಣಿನಲ್ಲಿ ಕಾದು ಕೂರುವ ಈ ಎರಡು ಜೀವಿಗಳೂ ತಳಿವಿಜ್ಞಾನಿಗಳಿಗೆ ಒಂದೇ ಪಾಠ ಕಲಿಸಿವೆ. ಆ ಪಾಠ ನಮ್ಮ ಹೊಲದವರೆಗೆ ಬಂದಿಲ್ಲ.

ಮೊದಲು ಹೊಗೆಸೊಪ್ಪಿನ ಪಾಠ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1961ರಲ್ಲಿ ‘ಎನ್‌ಸಿ 95’ ಎಂಬ ತಂಬಾಕು ತಳಿ ಬಿಡುಗಡೆಯಾಯಿತು. ಅದರಲ್ಲಿ ಬೇರುಗಂಟು ಜಂತುವನ್ನು ತಡೆಯುವ ಒಂದು ಜೀನ್ ಇತ್ತು. ರೈತರಿಗೆ ಖುಷಿಯೋ ಖುಷಿ. ಆದರೆ ಬೇರುಗಂಟು ಜಂತು ಅಂದರೆ ಒಂದೇ ಜಾತಿಯಲ್ಲ. ಇನ್‌ಕಾಗ್ನಿಟಾ, ಜವಾನಿಕಾ, ಅರೆನೇರಿಯಾ ಹೀಗೆ ಹಲವು. ಇನ್‌ಕಾಗ್ನಿಟಾ ಒಳಗೇ ನಾಲ್ಕು ಪಂಗಡ, ‘ರೇಸ್’ ಅಂತಾರೆ. ಎನ್‌ಸಿ 95ರ ಜೀನ್ ತಡೆಯುವುದು ಒಂದು ಮತ್ತು ಮೂರನೇ ಪಂಗಡಗಳನ್ನು. ಎರಡು ಮತ್ತು ನಾಲ್ಕನೆಯವು ಅದೇ ತಳಿಯ ಬೇರಿನಲ್ಲಿ ಆರಾಮಾಗಿ ಸಂಸಾರ ಮಾಡುತ್ತವೆ. ಮಜಾ ನೋಡಿ, ಆಮೇಲೆ ಜಂತುವಿನ ಪಂಗಡ ಗುರುತಿಸುವುದಕ್ಕೇ ಎನ್‌ಸಿ 95 ತಂಬಾಕು ಮತ್ತು ಒಂದು ಹತ್ತಿ ತಳಿಯನ್ನು ಪರೀಕ್ಷೆಯ ಗಿಡಗಳನ್ನಾಗಿ ಮಾಡಿಕೊಂಡರು. ಎರಡರಲ್ಲೂ ಬೆಳೆಯದಿದ್ದರೆ ಒಂದನೇ ಪಂಗಡ, ತಂಬಾಕಿನಲ್ಲಿ ಮಾತ್ರ ಬೆಳೆದರೆ ಎರಡು, ಹತ್ತಿಯಲ್ಲಿ ಮಾತ್ರ ಆದರೆ ಮೂರು, ಎರಡರಲ್ಲೂ ಆದರೆ ನಾಲ್ಕು. ಯಾವ ತಳಿಯನ್ನು ‘ನಿರೋಧಕ’ ಅಂತ ಕೊಟ್ಟರೋ, ಅದೇ ತಳಿ ನಿರೋಧ ಎಲ್ಲಿ ಸೋಲುತ್ತದೆ ಅಂತ ತೋರಿಸುವ ಅಳತೆಗೋಲೂ ಆಯಿತು!

ಅಷ್ಟಕ್ಕೇ ಮುಗಿಯಲಿಲ್ಲ. ಒಂದೇ ಜೀನಿನ ತಳಿಗಳನ್ನು ಹತ್ತಾರು ವರ್ಷ ಬೆಳೆದ ಮೇಲೆ ಅಲ್ಲಿನ ಹೊಲಗಳಲ್ಲಿ ಆ ಜೀನಿಗೆ ಬಗ್ಗದ ಅರೆನೇರಿಯಾ, ಜವಾನಿಕಾಗಳ ಪಾಲು ಹೆಚ್ಚುತ್ತ ಬಂತು. ಇನ್‌ಕಾಗ್ನಿಟಾ ಬಾಗಿಲಲ್ಲಿ ನಿಂತಿತು, ಅದರ ದಾಯಾದಿಗಳು ಒಳಗೆ ಬಂದರು. ನಮ್ಮ ಹಗುರ ಮಣ್ಣಿನ ಹೊಗೆಸೊಪ್ಪಿನಲ್ಲಿ ಇನ್‌ಕಾಗ್ನಿಟಾ ಮತ್ತು ಜವಾನಿಕಾ ಎರಡೂ ಇವೆ. ಆದ್ದರಿಂದ ‘ಬೇರುಗಂಟು ನಿರೋಧಕ’ ಅಂತ ಯಾರಾದರೂ ಏನಾದರೂ ಕೊಟ್ಟರೆ ಹುಣಸೂರಿನ ರೈತ ಕೇಳಬೇಕಾದ ಮೊದಲ ಪ್ರಶ್ನೆ, "ಎರಡಕ್ಕೂನಾ, ಒಂದಕ್ಕೇನಾ?"

ಇನ್ನು ಕೋಸಿನ ನೆಂಟರ ಪಾಠ. ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಎಣ್ಣೆಗಾಗಿ ಕನೋಲಾ ಬೆಳೆಯುತ್ತಾರೆ. ನಮ್ಮ ಸಾಸಿವೆಯ ಹತ್ತಿರದ ನೆಂಟ. 2003ರಲ್ಲಿ ಎಡ್ಮಂಟನ್ ಬಳಿ ಅಲ್ಲಿನ ಕನೋಲಾದಲ್ಲಿ ಕ್ಲಬ್‌ರೂಟ್ ಕಂಡಿತು. 2009ರ ಹೊತ್ತಿಗೆ ನಿರೋಧಕ ಹೈಬ್ರಿಡ್ ಮಾರುಕಟ್ಟೆಗೆ ಬಂದವು. ಕಂಡ ಕಂಡ ಹೊಲದಲ್ಲಿ ಅವನ್ನೇ ಹಾಕಿದರು, ಎಡೆಬಿಡದೆ ಹಾಕಿದರು. 2013ರಲ್ಲಿ, ಅಂದರೆ ನಾಲ್ಕೇ ವರ್ಷದಲ್ಲಿ, ನಿರೋಧಕ ತಳಿಯ ಬೇರುಗಳಲ್ಲೇ ದಪ್ಪ ದಪ್ಪ ಗಂಟು ಸಿಕ್ಕವು. ಹೊಸ ಪಂಗಡ ಆಕಾಶದಿಂದ ಬಿದ್ದದ್ದಲ್ಲ. ಅದೇ ಮಣ್ಣಿನಲ್ಲಿ ಮೊದಲೇ ಅಲ್ಪಸ್ವಲ್ಪ ಇದ್ದದ್ದು. ಉಳಿದವಕ್ಕೆ ಊಟ ನಿಂತಾಗ ಇದಕ್ಕೊಂದಕ್ಕೇ ಹಬ್ಬವಾಯಿತು. ಪಂಗಡ ಗುರುತಿಸಲು 1960ರ ದಶಕದಲ್ಲಿ ವಿಲಿಯಮ್ಸ್ ಎಂಬಾತ ಮಾಡಿದ್ದ ನಾಲ್ಕು ಗಿಡಗಳ ಪಟ್ಟಿ ಸಾಲದೆ, ಕೆನಡಾದವರು ಇನ್ನೂ ಉದ್ದದ ಪಟ್ಟಿ ಮಾಡಿಕೊಳ್ಳಬೇಕಾಯಿತು. ಹಳೆಯ ಪಟ್ಟಿಯಲ್ಲಿ ಒಂದೇ ಪಂಗಡ ಅಂತ ಕಂಡದ್ದು ಹೊಸ ಪಟ್ಟಿಯಲ್ಲಿ ಹಲವಾಗಿ ಒಡೆಯಿತು.

ರೋಗಾಣುವಿನಲ್ಲಿ ಇಷ್ಟು ವೈವಿಧ್ಯ ಬರುವುದು ಹೇಗೆ? ಇನ್‌ಕಾಗ್ನಿಟಾ ಜಂತುವಿನಲ್ಲಿ ಸಂತಾನಕ್ಕೆ ಗಂಡಿನ ಹಂಗೇ ಇಲ್ಲ. ತಾಯಿಯ ಪಡಿಯಚ್ಚು ಮಕ್ಕಳು. ಆ ಲೆಕ್ಕದಲ್ಲಿ ಬದಲಾವಣೆಯೇ ಆಗಬಾರದು. ಆದರೆ 2008ರಲ್ಲಿ ಅದರ ಜೀನೋಮ್ ಓದಿದಾಗ ಒಂದೇ ಜೀನಿಗೆ ಸಾಕಷ್ಟು ಭಿನ್ನವಾದ ಹಲವು ಪ್ರತಿಗಳು ಸಿಕ್ಕವು. ಯಾವಾಗಲೋ ನಡೆದ ಜಾತಿಸಂಕರದ ಆಸ್ತಿ ಅದು ಅಂತ ಈಗ ತಿಳಿದಿದೆ. ಅದರ ಮೇಲೆ ಒಂದು ಗಿಡದ ಬೇರಿನಲ್ಲೇ ಸಾವಿರಾರು ಹೆಣ್ಣು, ಒಂದೊಂದಕ್ಕೂ ನೂರಾರು ಮೊಟ್ಟೆ. ಅಷ್ಟರಲ್ಲಿ ಒಂದು ಬದಲಾದರೂ ಸಾಕು, ಉಳಿದದ್ದನ್ನು ನಾವೇ ಆರಿಸಿಕೊಡುತ್ತೇವೆ, ಪ್ರತಿವರ್ಷ ಒಂದೇ ತಳಿ ಹಾಕಿ. ಕ್ಲಬ್‌ರೂಟಿನ ಒಂದು ಗಂಟು ಕೊಳೆತರೆ ಮಣ್ಣಿಗೆ ಬೀಳುವ ಬೀಜಕಗಳು ಕೋಟಿಗಟ್ಟಲೆ. ಎರಡು ವರ್ಷ ಆ ಜಾತಿಯ ಬೆಳೆ ಬಿಟ್ಟರೆ ಬಹುಪಾಲು ಸಾಯುತ್ತವೆ, ಉಳಿದ ಕೆಲವು ಹತ್ತು ಹದಿನೈದು ವರ್ಷವೂ ಕಾಯಬಲ್ಲವು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಿರೋಧಕ ಶಕ್ತಿ ಅನ್ನುವುದು ಊರ ಕೆರೆ ಇದ್ದ ಹಾಗೆ. ಒಬ್ಬರೇ ತೋಡಿ ಬರಿದು ಮಾಡಿದರೆ ಇಡೀ ಊರಿಗೆ ನಷ್ಟ. ನನ್ನ ಹೊಲದಲ್ಲಿ ಬೆಳೆದ ಹೊಸ ಪಂಗಡ ಬಾಡಿಗೆ ಟ್ರ್ಯಾಕ್ಟರಿನ ಕಲ್ಟಿವೇಟರಿಗೆ ಅಂಟಿ ನಿಮ್ಮ ಹೊಲಕ್ಕೆ ಬರುತ್ತದೆ. ಸಸಿಮಡಿಯ ಮಣ್ಣಿನ ಜೊತೆ ಸಸಿ ಕೊಂಡವನ ಊರಿಗೂ ಹೋಗುತ್ತದೆ. ಅಂಥ ಸಾರ್ವಜನಿಕ ಆಸ್ತಿಯನ್ನು ‘ರೋಗ ಬರಲ್ಲ’ ಎಂಬ ಎರಡು ಪದದಲ್ಲಿ ಮಾರುವುದು ತಪ್ಪು.

ರೈತನನ್ನು ಬೈಯುವುದು ಸುಲಭ. "ಪ್ರತಿವರ್ಷ ಅದನ್ನೇ ಯಾಕೆ ಹಾಕ್ತೀಯ?" ಅಂತ. ಆದರೆ ಅವನ ಪರಿಸ್ಥಿತಿ ನೋಡಿ. ಬ್ಯಾರನ್ ಕಟ್ಟಲು ಸಾಲ ಮಾಡಿದ್ದಾನೆ. ತಂಬಾಕು ಮಂಡಳಿಯ ಲೈಸೆನ್ಸು ಇರುವುದು ಹೊಗೆಸೊಪ್ಪಿಗೆ. ಮೇ-ಜೂನಿನ ಮಳೆಗೆ ಸಸಿ ನೆಟ್ಟು, ಎಲೆ ಬೇಯಿಸಿ, ಕಟ್ಟೆಗೆ ಹಾಕಿದರೆ ಒಟ್ಟಿಗೆ ದುಡ್ಡು ನೋಡುವುದು ಅದೊಂದರಲ್ಲೇ. ಹೊಲ ಇರುವುದೇ ಎರಡು ಎಕರೆ ಅಂದರೆ ಒಂದು ವರ್ಷ ರಾಗಿ, ಒಂದು ವರ್ಷ ಹೊಗೆಸೊಪ್ಪು ಅಂತ ಸರದಿ ಮಾಡು ಎಂಬ ಸಲಹೆ ಅವನಿಗೆ ಅರ್ಧ ಆದಾಯ ಬಿಡು ಎಂದ ಹಾಗೆ ಕೇಳುತ್ತದೆ. ಸಲಹೆಯಂತೂ ಸರಿಯಾದದ್ದೇ. ಈ ಜಂತುವಿಗೆ ರಾಗಿಯ ಬೇರು ಅಷ್ಟಾಗಿ ಒಗ್ಗುವುದಿಲ್ಲ, ರಾಗಿ ಬಂದ ಹೊಲದಲ್ಲಿ ಅದರ ಸಂಖ್ಯೆ ಇಳಿಯುತ್ತದೆ. ನಮ್ಮ ಹಿರಿಯರ ಮುದ್ದೆ ಹೊಟ್ಟೆಗಷ್ಟೇ ಅಲ್ಲ, ಮಣ್ಣಿಗೂ ಔಷಧ. ಬದಲಿಗೆ ತಡಗಣಿ ಹಾಕಿದರೆ ಜಂತುವಿಗೆ ಊಟ ಮುಂದುವರಿಯುತ್ತದೆ. ಇಷ್ಟನ್ನು ತಿಳಿದು ಸರದಿ ಮಾಡುವವನಿಗೆ ಮಂಡಳಿ, ಬ್ಯಾಂಕು, ಇಲಾಖೆ ಏನಾದರೂ ಅನುಕೂಲ ಮಾಡಿಕೊಟ್ಟರೆ ಮಾತ್ರ ಸಲಹೆ ಹೊಲಕ್ಕೆ ಇಳಿದೀತು.

ತಳಿಗಳ ವಿಷಯಕ್ಕೆ ಬಂದರೆ, ಈ ಸೀಮೆಯಲ್ಲಿ ಬಹುಕಾಲ ರಾಜ್ಯವಾಳಿದ್ದು ‘ಕಾಂಚನ’. ಆಮೇಲೆ ಫ್ಯುಸೇರಿಯಂ ಸೊರಗು ರೋಗಕ್ಕೆ ನಿರೋಧಕವಾದ ‘ಎಫ್‌ಸಿಎಚ್ 222’ ತಳಿಯನ್ನು ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರ ಕೊಟ್ಟಿತು. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಜಂತು ತೂತು ಮಾಡಿ ಗಂಟು ಕಟ್ಟಿದ ಬೇರಿನಲ್ಲಿ ಫ್ಯುಸೇರಿಯಂ ಜೋರಾಗುತ್ತದೆ ಅಂತ ನಾರ್ತ್ ಕೆರೊಲಿನಾದವರು 1960ರ ದಶಕದಲ್ಲೇ ತಂಬಾಕಿನಲ್ಲಿ ತೋರಿಸಿದ್ದಾರೆ. ಅಂದರೆ ಒಂದು ರೋಗಕ್ಕೆ ನಿರೋಧಕ ತಳಿ ಹಾಕಿ ಜಂತುವನ್ನು ಮರೆತರೆ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಸೊರಗು ಬಂದಾಗ ರೈತ ತಳಿಯನ್ನು ಬೈಯುತ್ತಾನೆ, ತಪ್ಪು ಎಲ್ಲಿದೆ ಅಂತ ಬೇರು ಕಿತ್ತು ನೋಡುವವರಿಲ್ಲ.

"ಹೊಗೆಸೊಪ್ಪು ತಾನೇ, ಹಾಳಾಗಿ ಹೋಗಲಿ, ಒಳ್ಳೇದೇ ಆಯ್ತು" ಅನ್ನುವವರು ನಿಮ್ಮಲ್ಲೂ ಇರುತ್ತಾರೆ. ತಂಬಾಕು ಕಡಿಮೆಯಾಗಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲೇ ಸ್ಥಿರೀಕರಿಸಿದೆ. ಆದರೆ ಗಿಡ ಹೋದರೆ ಹುಳು ಹೋಗುವುದಿಲ್ಲವಲ್ಲ! ಬದಲಿ ಬೆಳೆ ಅಂತ ರೈತನಿಗೆ ಏನು ಹೇಳುತ್ತೇವೆ? ಟೊಮೇಟೊ, ಬದನೆ, ಬೆಂಡೆ, ಬಾಳೆ, ಶುಂಠಿ. ಒಂದೊಂದೂ ಇದೇ ಜಂತುವಿಗೆ ಇಷ್ಟದ ಊಟ. ಮೂವತ್ತು ವರ್ಷ ಹೊಗೆಸೊಪ್ಪು ಕಂಡ ಹೊಲಕ್ಕೆ ನೇರ ಟೊಮೇಟೊ ಇಳಿಸಿದರೆ ಮೊದಲ ವರ್ಷವೇ ಕೈ ಸುಟ್ಟುಕೊಳ್ಳುವ ಸಾಧ್ಯತೆ ಇದೆ. ಆಮೇಲೆ ಅವನು ಮತ್ತೆ ಬ್ಯಾರನ್ ಹೊತ್ತಿಸಿದರೆ ನಾವು "ದುಡ್ಡಿನ ಆಸೆ" ಅಂತೀವಿ.

ಟೊಮೇಟೊದಲ್ಲೂ ನಿರೋಧಕ ತಳಿ ಇಲ್ಲವೇ? ಇದೆ. ‘ಎಂಐ’ ಎಂಬ ಜೀನ್. 1940ರ ದಶಕದಲ್ಲಿ ಕಾಡು ಟೊಮೇಟೊ ಒಂದರಿಂದ ಭ್ರೂಣವನ್ನು ಬಿಡಿಸಿ ಬೆಳೆಸಿ ತಂದದ್ದು. ಇನ್‌ಕಾಗ್ನಿಟಾ, ಜವಾನಿಕಾ, ಅರೆನೇರಿಯಾ ಮೂರಕ್ಕೂ ತಡೆ. ಸಂತೋಷ ಪಡುವ ಮೊದಲು ಎರಡು ಮಾತು. ದಶಕಗಳ ಕಾಲ ಪ್ರಪಂಚದಲ್ಲಿ ಬೆಳೆದ ಜಂತುನಿರೋಧಕ ಟೊಮೇಟೊಗಳ ಮೂಲವೆಲ್ಲ ಆ ಒಂದೇ ಒಂದು ಸಂಕರ, ಅದನ್ನು ಮೀರಿಸುವ ಜಂತುಗಳೂ ಬೇರೆ ಬೇರೆ ದೇಶಗಳಲ್ಲಿ ಕಂಡಿವೆ. ಎರಡನೆಯದು, ಮಣ್ಣಿನ ಉಷ್ಣಾಂಶ 28 ಡಿಗ್ರಿ ದಾಟಿದರೆ ಆ ಜೀನ್ ಕೈಕೊಡುತ್ತದೆ. ನಮ್ಮ ಏಪ್ರಿಲ್ ತಿಂಗಳ ಕೆಂಪು ಮಣ್ಣಿಗೆ ಈ ವಿಷಯ ಹೇಳಿ ನೋಡಿ!

ಒಳ್ಳೆ ಉದಾಹರಣೆಯೂ ಇದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೇಟೊ. ಎಲೆಮುರುಟು ನಂಜು, ದುಂಡಾಣು ಸೊರಗು, ಮೊದಲ ಹಂತದ ಎಲೆ ಅಂಗಮಾರಿ, ಈ ಮೂರಕ್ಕೆ ನಿರೋಧಕ ಅಂತ ಹೆಸರು ಹಿಡಿದು ಹೇಳಿದರು. ಹೀಗೆ ಹೇಳಬೇಕು. ಪಟ್ಟಿಯಲ್ಲಿ ಬೇರುಗಂಟು ಇಲ್ಲ, ಹಾಗಾಗಿ ಅದಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು ಅಂತ ಓದಿದವನಿಗೆ ಗೊತ್ತಾಗುತ್ತದೆ.

ಕೆ.ಆರ್.ನಗರದ ಗದ್ದೆಯವರು ನಮಗೇನು ಅಂತ ಕೂರುವಂತಿಲ್ಲ. ಭತ್ತಕ್ಕೇ ಅಂತ ಈ ಕುಲದಲ್ಲಿ ಇನ್ನೊಂದು ಜಂತು ಇದೆ, ಗ್ರಾಮಿನಿಕೋಲಾ. ಈ ಶತಮಾನದ ಮೊದಲ ವರ್ಷಗಳಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಭತ್ತದಲ್ಲಿ ಜೋರಾಗಿ ಕಾಣಿಸಿಕೊಂಡಿತ್ತು. ಬೇರಿನ ತುದಿ ಕೊಕ್ಕೆಯ ಹಾಗೆ ಬಾಗಿ ಊದುತ್ತದೆ. ನೀರು ನಿಂತ ಗದ್ದೆಯಲ್ಲಿ ಅದರ ಆಟ ಕಡಿಮೆ, ನೀರು ಸಾಲದೆ ಗದ್ದೆ ಆರಿದಾಗ ಜಾಸ್ತಿ. ನಾಲೆಯಲ್ಲಿ ನೀರು ಕಡಿಮೆಯಾದ ವರ್ಷ ಬೇರು ಕಿತ್ತು ನೋಡುವುದು ಒಳ್ಳೆಯದು.

ಕೋಸು, ಹೂಕೋಸು ಹಾಕುವವರಿಗೂ ಒಂದು ಮಾತು. ಬಂಡೀಪುರ ದಾಟಿದರೆ ನೀಲಗಿರಿ. ಅಲ್ಲಿಂದ ಬೇರುಸಮೇತ ಬರುವ ಸಸಿ, ಮಣ್ಣು ಅಂಟಿದ ಕ್ರೇಟು, ಚೀಲಗಳ ಜೊತೆ ಕ್ಲಬ್‌ರೂಟ್ ಪ್ರಯಾಣ ಮಾಡಬಲ್ಲದು. ಬಂದ ಮೇಲೆ ಸುಣ್ಣ ಹಾಕಿ ಮಣ್ಣಿನ ಹುಳಿ ತೆಗೆದು ಹತೋಟಿ ಮಾಡಬಹುದು, ಓಡಿಸಲು ಆಗುವುದಿಲ್ಲ. ತಡೆಯುವುದೇ ಅಗ್ಗ. ಹೊಸ ಸಂಶೋಧನೆಗಳು ನಡೆದಿವೆ. ಚೀನಾದ ವಿಜ್ಞಾನಿಗಳು 2023ರಲ್ಲಿ ‘ವೇತ್ಸಿಂಗ್’ ಎಂಬ, ಹಲವು ಪಂಗಡಗಳನ್ನು ತಡೆಯಬಲ್ಲ ಜೀನ್ ಬಗ್ಗೆ ಪ್ರಕಟಿಸಿದ್ದಾರೆ. ಅದು ಕೋಸಿಗೆ ಬಂದು, ಹೈಬ್ರಿಡ್ ಆಗಿ, ನಮ್ಮ ಅಂಗಡಿಗೆ ಬಂದರೂ ನನ್ನ ಮೂರು ಪ್ರಶ್ನೆಗಳು ಹಾಗೇ ಇರುತ್ತವೆ.

ಹಾಗಾದರೆ ಏನಾಗಬೇಕು?

ಒಂದು, ಪೊಟ್ಟಣದ ಮೇಲೆ ಕನ್ನಡದಲ್ಲಿ ರೋಗದ ಹೆಸರು, ಪಂಗಡದ ಹೆಸರು ಇರಬೇಕು. ‘ನಿರೋಧಕ’ವೋ ‘ಸಹಿಷ್ಣು’ವೋ ಅಂತ ಬಿಡಿಸಿ ಹೇಳಬೇಕು. ನಿರೋಧಕ ತಳಿಯಲ್ಲಿ ಜಂತು ಬೆಳೆಯುವುದಿಲ್ಲ. ಸಹಿಷ್ಣು ತಳಿ ಫಸಲು ಕೊಡುತ್ತದೆ, ಆದರೆ ಬೇರಿನಲ್ಲಿ ಜಂತುವನ್ನೂ ಸಾಕುತ್ತದೆ. ಮುಂದಿನ ಬೆಳೆಗೆ ಬಿಲ್ ಬರುವುದು ಆಗ.

ಎರಡು, ಮಣ್ಣು ಪರೀಕ್ಷೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ವಿಷಯ ಇವೆ. ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್, ಹುಳಿ... ಎಲ್ಲ ಇದೆ. ಮಣ್ಣಿನಲ್ಲಿ ಬದುಕಿರುವ ಒಂದು ಜೀವಿಯ ಬಗ್ಗೆಯೂ ಇಲ್ಲ. ಆರೋಗ್ಯದ ಕಾರ್ಡಿನಲ್ಲಿ ರೋಗದ ಕಾಲಮ್ಮೇ ಇಲ್ಲ! ಈ ನಾಲ್ಕು ತಾಲ್ಲೂಕಿನಲ್ಲಾದರೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮಣ್ಣು ತೆಗೆದುಕೊಂಡು, ಜಂತು ಎಷ್ಟಿದೆ, ಯಾವ ಜಾತಿ ಅಂತ ಹೇಳುವ ವ್ಯವಸ್ಥೆ ಬೇಕು. ಕೆಲವು ವರ್ಷಕ್ಕೊಮ್ಮೆ ಪಂಗಡದ ನಕ್ಷೆ ತಯಾರಾಗಿ ರೈತರ ಕೈಗೆ ಸಿಗಬೇಕು.

ಮೂರು, ದುಡ್ಡಿಲ್ಲದೆ ಆಗುವ ಕೆಲಸಗಳು. ಕೊನೆ ಎಲೆ ಮುರಿದ ಮೇಲೆ ಕಡ್ಡಿಯನ್ನು ಬೇರುಸಮೇತ ಕಿತ್ತು ಒಣಗಿಸಿ ಸುಡುವುದು. ಕಡ್ಡಿ ನಿಂತು ಚಿಗುರುತ್ತಿದ್ದರೆ ಕೆಳಗೆ ಜಂತುವಿನ ಸಂಸಾರವೂ ನಡೆಯುತ್ತಿರುತ್ತದೆ. ಬೇಸಿಗೆಯಲ್ಲಿ ಆಳವಾಗಿ ಉಳುಮೆ. ಸಸಿಮಡಿಯ ಜಾಗ ಬದಲಿಸುವುದು ಅಥವಾ ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ಹಾಕಿ ಸಸಿ ಬೆಳೆಸುವುದು. ಗುಂಡ್ಲುಪೇಟೆ ಕಡೆ ಬೆಳೆಯುವ ಚೆಂಡುಹೂ ಜಂತುವನ್ನು ತಗ್ಗಿಸುತ್ತದೆ ಎಂಬುದೂ ಪರೀಕ್ಷೆಯಾದ ಮಾತು, ಸರದಿಯಲ್ಲಿ ಅದಕ್ಕೂ ಜಾಗ ಕೊಡಬಹುದು.

ಇನ್ನು ನಿಮಗೆ ಅಂತ ಹೇಳಿದ್ದ ಕೆಲಸ. ನಾವು ಬ್ಲಾಗಿಗರು ‘ಸಾಫ್ಟ್‌ವೇರ್’, ‘ಡೌನ್‌ಲೋಡ್’ಗಳಿಗೆ ಕನ್ನಡ ಪದ ಹುಡುಕುತ್ತ ದಿನಗಟ್ಟಲೆ ಜಗಳವಾಡಿದವರು. ಬೇರಿನ ಮೂರು ಗಂಟಿಗೆ ಮೂರು ಪದ ಕೊಡಲು ನಮಗೆ ಆಗದೇ? ಕ್ಲಬ್‌ರೂಟಿಗೆ ‘ಗದೆಬೇರು’ ಅಂದರೆ ಹೇಗೆ? ಜಂತುವಿನದು ‘ಮಣಿಗಂಟು’, ಅವರೆಯದು ‘ಸತ್ವಗಂಟು’? ರೇಸಿಗೆ ‘ಪಂಗಡ’ ಸಾಕೆ, ‘ಒಳತಳಿ’ ಅನ್ನಬೇಕೆ? ಹೊಲದಲ್ಲಿರುವವರು ಈಗಾಗಲೇ ಬೇರೆ ಪದ ಬಳಸುತ್ತಿದ್ದರೆ ನನ್ನ ಪದಗಳನ್ನು ಬಿಸಾಕಿ, ಅವರದ್ದನ್ನೇ ಇಟ್ಟುಕೊಳ್ಳೋಣ. ಹೆಸರು ಬೇರೆಯಾದರೆ ಮಾತ್ರ ಅಂಗಡಿಯಲ್ಲಿ ನಿಂತವನು "ಯಾವ ಗಂಟಿಗೆ ಕೊಡ್ತಿದೀರಿ?" ಅಂತ ಕೇಳಬಲ್ಲ.

ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಯಾರಾದರೂ ಈ ಸೀಮೆಯಲ್ಲಿ ಸಾಗುವಳಿ ಮಾಡುತ್ತಿದ್ದರೆ ಈ ಗಂಟುಗಳಿಗೆ ಅವರು ಏನಂತಾರೆ ಅಂತ ಕೇಳಿ ಬರೆಯಿರಿ. ನಾಲ್ಕು ತಾಲ್ಲೂಕಿಗೆ ನಾಲ್ಕು ಪದ ಸಿಕ್ಕರೂ ನಷ್ಟವಿಲ್ಲ.